ಡ್ರ್ಯಾಗನ್ ಬಳಗದ ನಕ್ಷೆ: ಒಂಟಿ ಚುಕ್ಕೆಯನ್ನು ಏನು ಮಾಡುವುದು?

ಮಲೆನಾಡಿನ ರೆಕ್ಕೆ
ಶನಿವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಮಯ ಇದ್ದವರು ಪೂರ್ತಿ ಓದಿ. ನಕ್ಷೆ ಕೆಲಸ ಗೊತ್ತಿರುವವರ ಸಹಾಯ ಬೇಕು. ಡೇಟಾ ಕಾನೂನು ಗೊತ್ತಿರುವವರದ್ದೂ ಬೇಕು.

ನನ್ನೂರು ತೀರ್ಥಹಳ್ಳಿ ಕಡೆ. ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಆರು ವರ್ಷದಿಂದ ಬಿಡುವಿನ ಹೊತ್ತಲ್ಲಿ ಒಂದು ಸಣ್ಣ ಜಾಲತಾಣ ನೋಡಿಕೊಳ್ಳುತ್ತಿದ್ದೇನೆ. ತಮ್ಮನ್ನು ಡ್ರ್ಯಾಗನ್ ಎಂದು ತಿಳಿದಿರುವವರ ತಾಣ ಅದು. ಒಬ್ಬೊಬ್ಬರಿಗೂ ಒಂದು ಪರಿಚಯದ ಪುಟ. ಎಲ್ಲರಿಗೂ ಸೇರಿ ಒಂದು ಪ್ರಪಂಚ ನಕ್ಷೆ, ಅದರ ಮೇಲೆ ಚುಕ್ಕೆಗಳು. ಶುರು ಮಾಡಿದವರು ಅಮೆರಿಕದವರು. ಅವರಿಗೆ ವಯಸ್ಸಾಯಿತು, ಬೀಗದ ಕೈ ನನಗೆ ಕೊಟ್ಟರು.

ನಾನೂ ಅವರಲ್ಲಿ ಒಬ್ಬ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ವೇಷ ಹಾಕುವುದಲ್ಲ, ಆಟದ ಪಾತ್ರವೂ ಅಲ್ಲ. ಮೈ ಮನುಷ್ಯರದ್ದೇ, ಅದು ನಮಗೆಲ್ಲ ಚೆನ್ನಾಗಿ ಗೊತ್ತು. ‘ನಾನು’ ಅಂದಾಗ ಒಳಗೆ ಬರುವ ರೂಪ ಬೇರೆ, ಅಷ್ಟೇ. ಕೆಲವರು ಅದನ್ನು ಹಿಂದಿನ ಜನ್ಮ ಅನ್ನುತ್ತಾರೆ. ಕೆಲವರು ಮನಸ್ಸು ಬೆಳೆದ ರೀತಿ ಅನ್ನುತ್ತಾರೆ. ನನಗೆ ಹನ್ನೊಂದನೇ ವಯಸ್ಸಿನಿಂದ ಬೆನ್ನಿನ ಎರಡೂ ಕಡೆ, ಹೆಗಲ ಮೂಳೆಯ ಹತ್ತಿರ, ಭಾರ ಇದೆ. ಬಾಗಿಲು ಕಿರಿದಾಗಿದ್ದರೆ ಈಗಲೂ ಸ್ವಲ್ಪ ಓರೆಯಾಗಿ ದಾಟುತ್ತೇನೆ. ರೆಕ್ಕೆ ತಗಲುತ್ತದೆ ಅನ್ನಿಸುತ್ತದೆ. ಅಮ್ಮ ಬೆನ್ನುನೋವು ಅಂದುಕೊಂಡು ವಾರಕ್ಕೆರಡು ಸಲ ಎಣ್ಣೆ ತಿಕ್ಕುತ್ತಿದ್ದರು.

ಇಂಥವರು ಒಬ್ಬರಿಗೊಬ್ಬರು ಸಿಕ್ಕಿದ್ದೇ ಇಂಟರ್ನೆಟ್ ಬಂದ ಮೇಲೆ. 1990ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಕಡೆ ಶುರುವಾದ ಒಂದು ಇಮೇಲ್ ಪಟ್ಟಿಯಲ್ಲಿ ‘ಅದರ್‌ಕಿನ್’ ಅನ್ನುವ ಪದ ಹುಟ್ಟಿತು. ಒಳಗೆ ತಾವು ಮನುಷ್ಯರಲ್ಲ ಅನ್ನಿಸುವವರಿಗೆಲ್ಲ ಅದೇ ಹೆಸರು. ಅದು ತಮ್ಮನ್ನು ಎಲ್ಫ್, ಅಂದರೆ ಯುರೋಪಿನ ಕಥೆಗಳ ಯಕ್ಷರಂಥವರು, ಅಂದುಕೊಂಡವರ ಪಟ್ಟಿ. 1992ರಲ್ಲಿ ಯೂಸ್‌ನೆಟ್ ಅನ್ನುವ ಹಳೇ ಚರ್ಚಾ ಜಾಲದಲ್ಲಿ ತೋಳಮನುಷ್ಯರ ಗುಂಪು ಬಂತು. ಅದೇ ದಶಕದಲ್ಲಿ ಡ್ರ್ಯಾಗನ್‌ಗಳ ಗುಂಪೂ ಬೆಳೆಯಿತು. ಆಮೇಲೆ ಜಿಯೋಸಿಟೀಸ್ ಅನ್ನುವ ಉಚಿತ ತಾಣದಲ್ಲಿ ಜನ ಮಾಡಿಕೊಂಡ ಪುಟಗಳು. 2009ರ ಅಕ್ಟೋಬರ್‌ನಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟೋ ಜನರ ಬರಹ ಒಂದೇ ದಿನ ಹೋಯಿತು. ಉಳಿದವರು ಇಂಥ ಸಣ್ಣ ತಾಣಗಳಿಗೆ ಬಂದರು.

2008ರಲ್ಲಿ ಶಿವಮೊಗ್ಗದ ಒಂದು ಸೈಬರ್ ಕೆಫೆಯಲ್ಲಿ ಕೂತು ಆ ನಕ್ಷೆಯನ್ನು ಮೊದಲ ಸಲ ನೋಡಿದೆ. ಚೌಕ ಚೌಕವಾಗಿ ನಿಧಾನಕ್ಕೆ ಬಂತು. ಅಮೆರಿಕದ ಎರಡೂ ತೀರದಲ್ಲಿ ಚುಕ್ಕೆ. ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾ. ಕೆಳಗೆ ಎಳೆದೆ. ಇಂಡಿಯಾ ಪೂರ್ತಿ ಖಾಲಿ. ಮೂರು ವಾರ ಯೋಚನೆ ಮಾಡಿ ನಮ್ಮೂರ ಮೇಲೆ ಒಂದು ಚುಕ್ಕೆ ಇಟ್ಟೆ. ಎರಡು ದಿನ ಬಿಟ್ಟು ಒಬ್ಬರು ಬರೆದರು: ‘ಅಲ್ಲಿ ಕೂಡ ಒಬ್ಬರಿದ್ದೀರಾ!’ ಆ ಸಾಲನ್ನು ಪ್ರಿಂಟ್ ತೆಗೆದು ಪುಸ್ತಕದೊಳಗೆ ಇಟ್ಟುಕೊಂಡಿದ್ದೆ.

ಈಗ ಸಮಸ್ಯೆಗೆ ಬರುತ್ತೇನೆ. ಹೋದ ತಿಂಗಳು ಯುರೋಪಿನ ತೀರಾ ಉತ್ತರದ ಒಂದು ಸಣ್ಣ ಊರಿನ ಸದಸ್ಯೆ ಬರೆದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಹೇಳುತ್ತಿದ್ದೇನೆ. ಅವರ ಜೊತೆ ಕೆಲಸ ಮಾಡುವವರು ಯಾರೋ ನಮ್ಮ ನಕ್ಷೆ ನೋಡಿದ್ದಾರೆ. ಆ ಊರ ಮೇಲೆ ಒಂದೇ ಚುಕ್ಕೆ. ಒತ್ತಿದರೆ ಪುಟ ತೆರೆಯುತ್ತದೆ. ಪುಟದಲ್ಲಿ ಹೆಸರಿಲ್ಲ, ಫೋಟೋ ಇಲ್ಲ. ಆದರೆ ‘ರಾತ್ರಿ ಪಾಳಿ, ಎರಡು ಬೆಕ್ಕು, ಹೆಣಿಗೆ ಇಷ್ಟ’ ಅಂತ ಇತ್ತು. ಅಷ್ಟು ಸಾಕಾಯಿತು. ಮರುದಿನ ಊಟದ ಕೋಣೆಯ ಅವರ ಕುರ್ಚಿಯ ಮೇಲೆ ಯಾರೋ ಪ್ಲಾಸ್ಟಿಕ್ ರೆಕ್ಕೆ ಇಟ್ಟಿದ್ದರಂತೆ.

ಆ ರಾತ್ರಿಯೇ ನಕ್ಷೆ ತೆಗೆದೆ. ಈಗ ಆ ಜಾಗದಲ್ಲಿ ‘ದುರಸ್ತಿ ನಡೆಯುತ್ತಿದೆ’ ಅಂತ ಇದೆ. ತಪ್ಪು ನನ್ನದೇ. ವಾಪಸ್ ತರಬೇಕೋ ಬೇಡವೋ, ತಂದರೆ ಹೇಗೆ ಅಂತ ತಿಳಿಯುತ್ತಿಲ್ಲ.

ಕರಾವಳಿ ಕುಡಿ
ಶನಿವಾರ, ರಾತ್ರಿ 11:02

ಓದಿ ಬೇಜಾರಾಯಿತು. ಆ ಅಕ್ಕನಿಗೆ ನಮ್ಮ ಕಡೆಯಿಂದಲೂ ಧೈರ್ಯ ಹೇಳಿ.

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಾನು ಉಡುಪಿ ಕಡೆಯವನು. ನಮ್ಮಲ್ಲಿ ಮನೆತನಕ್ಕೊಂದು ನಾಗಬನ ಇರುತ್ತದೆ. ಡ್ರ್ಯಾಗನ್ ಅಂದರೆ ನಾಗನ ತರಹದ್ದೇ ಏನಾದರೂ ಇದೆಯಾ?

ಮಲೆನಾಡಿನ ರೆಕ್ಕೆ
ಶನಿವಾರ, ರಾತ್ರಿ 11:20

ತಪ್ಪೇನಿಲ್ಲ, ಕೇಳಿದ್ದು ಒಳ್ಳೇದಾಯಿತು. ನಾಗನಿಗೆ ನಿಮ್ಮಲ್ಲಿ ಪೂಜೆ ಇದೆ, ಬನ ಇದೆ, ತಂಬಿಲ ಇದೆ. ಅದು ಊರಿನ, ಮನೆತನದ ನಡೆ. ನಾವು ಅದಕ್ಕೆ ಕೈ ಹಾಕುವುದಿಲ್ಲ. ನಮ್ಮ ಪುಟದಲ್ಲಿ ‘ರೂಪ’ ಅಂತ ಒಂದು ಖಾಲಿ ಜಾಗ ಇದೆ. ನಾಲ್ಕು ಕಾಲು, ಎರಡು ರೆಕ್ಕೆಯ ಪಶ್ಚಿಮದ ಡ್ರ್ಯಾಗನ್ ಅಂತ ಬರೆಯುವವರು ಜಾಸ್ತಿ. ಎರಡೇ ಕಾಲು ಎರಡು ರೆಕ್ಕೆಯದ್ದಕ್ಕೆ ವೈವರ್ನ್ ಅನ್ನುತ್ತಾರೆ. ಪೂರ್ವದ, ರೆಕ್ಕೆ ಇಲ್ಲದ ಉದ್ದ ಮೈಯವರೂ ಇದ್ದಾರೆ. ಯಾವ ಪಟ್ಟಿಗೂ ಸೇರದವರು ನಾಲ್ಕು ಪುಟ ಬರೆಯುತ್ತಾರೆ. ಅವು ನನಗೆ ತುಂಬಾ ಇಷ್ಟ.

ಯಾರು ನಿಜವಾದ ಡ್ರ್ಯಾಗನ್ ಅಂತ ನಾವು ಪರೀಕ್ಷೆ ಮಾಡುವುದಿಲ್ಲ. ಹಾಸ್ಯಕ್ಕೆ ಬಂದವರು ತಾವಾಗಿಯೇ ಗೊತ್ತಾಗುತ್ತಾರೆ. ಹೊಸ ಪುಟಗಳನ್ನೆಲ್ಲ ಇಬ್ಬರು ಓದಿದ ಮೇಲೆಯೇ ಪ್ರಕಟಿಸುತ್ತೇವೆ, ದಿನಕ್ಕೆ ಅರ್ಧ ಗಂಟೆ ಸಾಕು.

ಅಕ್ಷಾಂಶ ರೇಖಾಂಶ
ಭಾನುವಾರ, ಬೆಳಿಗ್ಗೆ 7:48

ಸರ್, ನಾನು ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆ ಕೆಲಸದವಳು, ಧಾರವಾಡ. ಮೊದಲು ಇಷ್ಟು ಹೇಳಿ. ಜಾಗವನ್ನು ಡೇಟಾಬೇಸ್‌ನಲ್ಲಿ ಹೇಗೆ ಇಡುತ್ತಿದ್ದಿರಿ? ತೋರಿಸುವಾಗ ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ ಎಷ್ಟು ದಶಮಾಂಶ?

ಮಲೆನಾಡಿನ ರೆಕ್ಕೆ
ಭಾನುವಾರ, ಬೆಳಿಗ್ಗೆ 8:30

ಇಡುವಾಗ ನಾಲ್ಕು ದಶಮಾಂಶ, ಸದಸ್ಯರು ಒತ್ತಿದ ಜಾಗವೇ. ತೋರಿಸುವಾಗ ಒಂದಕ್ಕೆ ಇಳಿಸುತ್ತಿದ್ದೆ. ಸುಮಾರು ಹನ್ನೊಂದು ಕಿಲೋಮೀಟರ್ ಚೌಕ ಆಗುತ್ತದೆ, ಸಾಕು ಅಂದುಕೊಂಡಿದ್ದೆ. ಮೊದಲು ಗೂಗಲ್ ಮ್ಯಾಪ್ಸ್ ಇತ್ತು. 2018ರಲ್ಲಿ ಅವರು ಬಿಲ್ಲಿಂಗ್ ಕಡ್ಡಾಯ ಮಾಡಿದ ಮೇಲೆ ಹಳಬರು ಲೀಫ್‌ಲೆಟ್, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ನಕ್ಷೆ ಸಾಧನಗಳಿಗೆ ಬದಲಾಯಿಸಿದರು. ನಾನು ಬಂದ ಮೇಲೆ ಅದನ್ನೇ ಮುಂದುವರಿಸಿದೆ.

ಅಕ್ಷಾಂಶ ರೇಖಾಂಶ
ಭಾನುವಾರ, ಬೆಳಿಗ್ಗೆ 9:15

ಅಲ್ಲೇ ಎಡವಿದ್ದು ಸರ್. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಹೋದರೂ ಸುಮಾರು 111 ಕಿ.ಮೀ. ರೇಖಾಂಶ ಹಾಗಲ್ಲ. ಧ್ರುವದ ಕಡೆ ಹೋದಂತೆ ರೇಖೆಗಳು ಹತ್ತಿರ ಬರುತ್ತವೆ. ಬೆಂಗಳೂರಿನಲ್ಲಿ 0.1 ಡಿಗ್ರಿ ಪೂರ್ವ ಪಶ್ಚಿಮ ಅಂದರೆ 10.8 ಕಿ.ಮೀ. 68 ಡಿಗ್ರಿ ಉತ್ತರದಲ್ಲಿ ಅದೇ 0.1 ಬರೀ 4.2 ಕಿ.ಮೀ. ನಿಮ್ಮ ಚೌಕ ಅಲ್ಲಿ ಒಂದು ಸಣ್ಣ ಪಟ್ಟಿ ಆಯಿತು. ಆ ಪಟ್ಟಿಯಲ್ಲಿ ಇರುವುದೇ ಒಂದು ಊರು. ಚೌಕ ಹಾಕಿದ್ದಕ್ಕೂ ಊರ ಹೆಸರು ಬರೆದಿದ್ದಕ್ಕೂ ವ್ಯತ್ಯಾಸ ಉಳಿಯಲಿಲ್ಲ.

ಇನ್ನೊಂದು. ನಾಲ್ಕು ದಶಮಾಂಶ ಅಂದರೆ ಹನ್ನೊಂದು ಮೀಟರ್. ಅಂದರೆ ಮನೆ. ತೋರಿಸದಿದ್ದರೂ ನಿಮ್ಮ ಸರ್ವರ್‌ನಲ್ಲಿ ಮನೆ ವಿಳಾಸ ಇದೆ. ಒಂದು ದಿನ ಬ್ಯಾಕಪ್ ಯಾರ ಕೈಗಾದರೂ ಸಿಕ್ಕರೆ? ಬೇಡದ್ದನ್ನು ಇಟ್ಟುಕೊಳ್ಳಲೇಬಾರದು.

ಗೂಬೆ ಗೂಡು
ಭಾನುವಾರ, ಬೆಳಿಗ್ಗೆ 10:40

ನಾನು ಹಕ್ಕಿ ನೋಡುವವನು, ಮೂವತ್ತು ವರ್ಷದ ಗೀಳು. ನಿಮ್ಮ ಸಮಸ್ಯೆ ನಮ್ಮದೂ ಹೌದು. ಅಪರೂಪದ ಗೂಬೆ ಗೂಡಿನ ಜಾಗ ನಕ್ಷೆಗೆ ಹಾಕಿದರೆ ಮಾರನೇ ವಾರ ಇಪ್ಪತ್ತು ಕ್ಯಾಮೆರಾ ಮರದ ಕೆಳಗಿರುತ್ತದೆ. ಹಕ್ಕಿ ಗೂಡು ಬಿಟ್ಟು ಹೋಗುತ್ತದೆ. ಕಣ್ಣಾರೆ ನೋಡಿದ್ದೇನೆ. ಆ ಸಲದ ಎರಡು ಮರಿ ಉಳಿಯಲಿಲ್ಲ.

ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗ ಮುಚ್ಚುವ ಕ್ರಮ ಇದೆ. 0.2 ಡಿಗ್ರಿಯ ಒಂದು ಚೌಕ ತೆಗೆದುಕೊಂಡು, ಅದರೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ತೋರಿಸುತ್ತದೆ. ಹಕ್ಕಿಗಳ ತಾಣ ಈಬರ್ಡ್‌ನಲ್ಲೂ ಸೂಕ್ಷ್ಮ ಪ್ರಭೇದಗಳ ಜಾಗ ಬಚ್ಚಿಡುತ್ತಾರೆ. ನೀವೂ ಹಾಗೆ ಮಾಡಬಹುದಲ್ವಾ?

ಅಂದ ಹಾಗೆ ನಮ್ಮ ಪಶ್ಚಿಮ ಘಟ್ಟದ ಹಾರುವ ಓತಿಯ ವೈಜ್ಞಾನಿಕ ಹೆಸರಿನ ಮೊದಲ ಭಾಗವೇ ಡ್ರ್ಯಾಕೊ. ಲ್ಯಾಟಿನ್‌ನಲ್ಲಿ ಡ್ರ್ಯಾಗನ್ ಅಂತಲೇ ಅರ್ಥ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿರುತ್ತೀರಿ.

ಮಲೆನಾಡಿನ ರೆಕ್ಕೆ
ಭಾನುವಾರ, ಬೆಳಿಗ್ಗೆ 11:05

ನೋಡಿದ್ದೇನೆ ಸರ್. ನಮ್ಮ ತೋಟದಲ್ಲೇ. ಮರಕ್ಕೆ ಅಂಟಿ ಕೂತರೆ ತೊಗಟೆ ಯಾವುದು ಓತಿ ಯಾವುದು ಗೊತ್ತಾಗುವುದಿಲ್ಲ. ಗಂಟಲ ಕೆಳಗಿನ ಹಳದಿ ಚೀಲ ಒಂದು ಸಲ ಆಡಿಸಿತು ಅಂದರೆ ಆಗ ಕಾಣುತ್ತದೆ. ಆಮೇಲೆ ಪಕ್ಕೆಯ ಚರ್ಮ ಬಿಚ್ಚಿ ಹಾರುತ್ತದೆ. ನನ್ನ ಪುಟದ ಮೊದಲ ಪ್ಯಾರಾ ಅದೇ. ಇಲ್ಲಿ ಯಾರಾದರೂ ಅದನ್ನು ಎತ್ತುತ್ತಾರೆ ಅಂದುಕೊಂಡಿರಲಿಲ್ಲ. ತುಂಬಾ ಖುಷಿ ಆಯಿತು.

ಅಕ್ಷಾಂಶ ರೇಖಾಂಶ
ಭಾನುವಾರ, ಮಧ್ಯಾಹ್ನ 12:30

ಗೂಬೆ ಸರ್ ಹೇಳಿದ್ದು ಒಳ್ಳೆ ದಾರಿ. ಆದರೆ ಮೂರು ಎಚ್ಚರಿಕೆ.

ಚುಕ್ಕೆಯನ್ನು ಪ್ರತಿ ಸಲ ಪುಟ ತೆರೆದಾಗ ನಿಜವಾದ ಜಾಗದ ಸುತ್ತ ಹೊಸ ಕಡೆಗೆ ಸರಿಸಬೇಡಿ. ನೂರು ಸಲ ತೆರೆದು ನೂರು ಜಾಗದ ಸರಾಸರಿ ತೆಗೆದರೆ ನಿಜವಾದ ಜಾಗದ ಹತ್ತಿರಕ್ಕೇ ಬಂದುಬಿಡುತ್ತದೆ. ಒಂದು ಸಲ ಸರಿಸಿದ್ದನ್ನು ಹಾಗೇ ಉಳಿಸಬೇಕು.

‘ನಿಮ್ಮಿಂದ ಇಷ್ಟು ಕಿ.ಮೀ. ದೂರದಲ್ಲಿ ಒಬ್ಬರಿದ್ದಾರೆ’ ಅಂತ ತೋರಿಸುವುದೂ ಬೇಡ. ಮೂರು ಬೇರೆ ಬೇರೆ ಜಾಗದಿಂದ ದೂರ ನೋಡಿ, ಮೂರು ವೃತ್ತ ಎಳೆದರೆ ಆಯಿತು, ಸೇರುವಲ್ಲಿ ಮನೆ. ಡೇಟಿಂಗ್ ಆ್ಯಪ್‌ಗಳಲ್ಲಿ ಇದು ಆಗಿದೆ.

ಇನ್ನು ಹಕ್ಕಿಗೂ ಮನುಷ್ಯರಿಗೂ ಇರುವ ವ್ಯತ್ಯಾಸ. ಕಾಡಿನಲ್ಲಿ ಇಪ್ಪತ್ತು ಕಿ.ಮೀ. ಅಂದರೆ ಮರ ಹುಡುಕುವುದು ಕಷ್ಟ. ಮನುಷ್ಯರು ಊರಲ್ಲಿ ಇರುತ್ತಾರೆ. ಇಪ್ಪತ್ತು ಕಿ.ಮೀ. ಚೌಕದಲ್ಲಿ ಒಂದೇ ಊರಿದ್ದರೆ ಆ ಅಕ್ಕನಿಗೆ ಏನೂ ಪ್ರಯೋಜನ ಇಲ್ಲ. ಉತ್ತರ ನಾರ್ವೆಯ ಫಿನ್‌ಮಾರ್ಕ್ ವಿಸ್ತೀರ್ಣದಲ್ಲಿ ಕೇರಳಕ್ಕಿಂತ ದೊಡ್ಡದು. ಅಲ್ಲಿ ಒಂದು ಲಕ್ಷ ಜನ ಕೂಡ ಇಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಹದಿನೇಳೂವರೆ ಲಕ್ಷ. ಕಿಲೋಮೀಟರ್ ಲೆಕ್ಕ ಬಿಟ್ಟು ತಲೆ ಲೆಕ್ಕ ಹಿಡಿಯಬೇಕು.

ಸಂಜೆ ಚಹಾ
ಭಾನುವಾರ, ಸಂಜೆ 5:10

ನನ್ನದೊಂದು ಬೇರೆ ಅಭಿಪ್ರಾಯ. ನಕ್ಷೆಯೇ ಯಾಕೆ ಬೇಕು? ದೇಶಗಳ ಪಟ್ಟಿ ಹಾಕಿ, ಎದುರಿಗೆ ಎಷ್ಟು ಜನ ಅಂತ ಬರೆಯಿರಿ. ಒಬ್ಬರ ಬದುಕಿಗೆ ತೊಂದರೆ ಆಗಿದೆ. ಅದಕ್ಕಿಂತ ನಕ್ಷೆ ದೊಡ್ಡದಲ್ಲ.

ಮಲೆನಾಡಿನ ರೆಕ್ಕೆ
ಭಾನುವಾರ, ರಾತ್ರಿ 9:00

ನೀವು ಹೇಳಿದ್ದನ್ನು ಇಡೀ ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೇನೆ. ನಕ್ಷೆ ತೆಗೆದ ಮೇಲೆ ಬಂದ ಪತ್ರಗಳನ್ನು ಓದಿದ ಮೇಲೆ ಮನಸ್ಸು ಬದಲಾಯಿತು.

ಒಬ್ಬರು ದಕ್ಷಿಣ ಅಮೆರಿಕದಿಂದ ಬರೆದರು. ಅವರು ಯಾರ ಜೊತೆಗೂ ಮಾತಾಡುವುದಿಲ್ಲ, ಹನ್ನೆರಡು ವರ್ಷದಲ್ಲಿ ಒಂದು ಸಂದೇಶವನ್ನೂ ಕಳಿಸಿಲ್ಲ. ತಿಂಗಳಿಗೊಮ್ಮೆ ನಕ್ಷೆ ತೆರೆದು ಚುಕ್ಕೆಗಳು ಇನ್ನೂ ಇವೆಯಾ ಅಂತ ನೋಡಿ ಮುಚ್ಚುತ್ತಾರಂತೆ. ಊರಲ್ಲಿ ಸಂಜೆ ಹೊತ್ತು ಗುಡ್ಡದ ಮೇಲೆ ನಿಂತರೆ ಆಚೆ ದಿಬ್ಬದಲ್ಲಿ ಒಂದೊಂದು ಮನೆಯ ದೀಪ ಕಾಣುತ್ತದಲ್ಲ, ಹಾಗೆ. ಆ ಮನೆಗೆ ನಾವು ಹೋಗುವುದಿಲ್ಲ. ದೀಪ ಕಂಡರೆ ಸಾಕು. ‘ಬ್ರೆಜಿಲ್: 9’ ಅಂತ ಬರೆದರೆ ಅದು ಬರುವುದಿಲ್ಲ.

ಹಾಗಾಗಿ ನಕ್ಷೆ ಬೇಕು. ಆ ಉತ್ತರದ ಸದಸ್ಯೆಯೂ ಅದನ್ನೇ ಹೇಳಿದರು. ‘ನನ್ನ ಚುಕ್ಕೆ ತೆಗೆಯಿರಿ, ನಕ್ಷೆ ತೆಗೆಯಬೇಡಿ’ ಅಂದರು. ಅದಕ್ಕೇ ಈ ಪ್ರಶ್ನೆ ಇಲ್ಲಿಗೆ ತಂದಿದ್ದು.

ಸಂಜೆ ಚಹಾ
ಭಾನುವಾರ, ರಾತ್ರಿ 9:25

ಅರ್ಥವಾಯಿತು. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಅವರ ಚುಕ್ಕೆ ವಾಪಸ್ ಬರುವ ಹಾಗೆ ಇದ್ದರೆ ಮಾತ್ರ ನಕ್ಷೆ ಸರಿಯಾಗಿದೆ ಅಂತ ಲೆಕ್ಕ.

ಡಬ್ಲಿನ್ ಕನ್ನಡತಿ
ಸೋಮವಾರ, ಬೆಳಿಗ್ಗೆ 6:55

ನಾನು ವಕೀಲೆ ಅಲ್ಲ, ಇಲ್ಲಿ ಒಂದು ಕಂಪನಿಯಲ್ಲಿ ಡೇಟಾ ರಕ್ಷಣೆ ನೋಡಿಕೊಳ್ಳುತ್ತೇನೆ. ‘ನಮ್ಮದು ಹವ್ಯಾಸಕ್ಕೆ ನಡೆಸುವ ತಾಣ, ಕಾನೂನು ನಮಗಲ್ಲ’ ಅಂತ ಬಹಳ ಜನ ತಿಳಿದಿರುತ್ತಾರೆ. ಯುರೋಪಿನಲ್ಲಿ ಅದು 2003ರಲ್ಲೇ ಮುಗಿದ ಮಾತು. ಸ್ವೀಡನ್‌ನ ಬೋದಿಲ್ ಲಿಂಡ್‌ಕ್ವಿಸ್ಟ್ ಅನ್ನುವವರು ಚರ್ಚ್‌ನ ಸ್ವಯಂಸೇವಕಿ. ತಮ್ಮ ಜೊತೆ ಕೆಲಸ ಮಾಡುವವರ ಬಗ್ಗೆ ಒಂದು ವೆಬ್ ಪುಟ ಮಾಡಿದ್ದರು. ಒಬ್ಬರಿಗೆ ಕಾಲಿಗೆ ಪೆಟ್ಟಾಗಿ ಈಗ ಅರ್ಧ ಹೊತ್ತು ಮಾತ್ರ ಕೆಲಸ ಮಾಡುತ್ತಿದ್ದಾರೆ ಅಂತಲೂ ಅದರಲ್ಲಿತ್ತು. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಯುರೋಪಿನ ನ್ಯಾಯಾಲಯ ಹೇಳಿದ್ದು: ಯಾರು ಬೇಕಾದರೂ ನೋಡಬಹುದಾದ ಪುಟ ಮನೆಯೊಳಗಿನ ಖಾಸಗಿ ಕೆಲಸ ಆಗುವುದಿಲ್ಲ, ಕಾನೂನು ಅನ್ವಯಿಸುತ್ತದೆ.

2018ರ ಮೇ 25ರಿಂದ ಜಿಡಿಪಿಆರ್ ಬಂತು, ಯುರೋಪಿನ ಒಕ್ಕೂಟದ ಡೇಟಾ ರಕ್ಷಣೆ ಕಾನೂನು. ಅದರಲ್ಲಿ ಧಾರ್ಮಿಕ ಮತ್ತು ತಾತ್ವಿಕ ನಂಬಿಕೆಗಳಿಗೆ ವಿಶೇಷ ರಕ್ಷಣೆ ಇದೆ. ನಿಮ್ಮವರಲ್ಲಿ ಹಿಂದಿನ ಜನ್ಮ ಅನ್ನುವವರು ಇದ್ದಾರೆ ಅಂದಿರಲ್ಲ. ಹಾಗಾಗಿ ‘ಈ ವ್ಯಕ್ತಿ ಡ್ರ್ಯಾಗನ್’ ಅನ್ನುವ ಮಾಹಿತಿಯನ್ನೇ ಆ ಗುಂಪಿಗೆ ಸೇರಿಸಿ ನಡೆದುಕೊಳ್ಳಿ ಅಂತ ನನ್ನ ಸಲಹೆ. ಸ್ಪಷ್ಟವಾದ ಒಪ್ಪಿಗೆ ಬೇಕು. ಅಳಿಸಿ ಅಂದರೆ ಅಳಿಸಬೇಕು, ಬ್ಯಾಕಪ್ ಎಷ್ಟು ದಿನಕ್ಕೆ ಹೋಗುತ್ತದೆ ಅಂತಲೂ ತಿಳಿಸಬೇಕು.

ಅಳಿಸುವ ಗುಂಡಿ ಎಲ್ಲಿದೆ ನಿಮ್ಮಲ್ಲಿ?

ಮಲೆನಾಡಿನ ರೆಕ್ಕೆ
ಸೋಮವಾರ, ಬೆಳಿಗ್ಗೆ 8:10

ಗುಂಡಿಯೇ ಇಲ್ಲ ಮೇಡಂ. ಇಮೇಲ್ ಮಾಡಿದರೆ ನಾನು ಕೈಯಾರೆ ಅಳಿಸುತ್ತೇನೆ. ಬರೆಯುವಾಗಲೇ ನಾಚಿಕೆ ಆಗುತ್ತಿದೆ.

ಡಬ್ಲಿನ್ ಕನ್ನಡತಿ
ಸೋಮವಾರ, ಬೆಳಿಗ್ಗೆ 8:20

ಈ ವಾರವೇ ಮಾಡಿ. ನಕ್ಷೆಗಿಂತ ಮೊದಲು.

ಎರಡು ಮಕ್ಕಳ ಅಮ್ಮ
ಸೋಮವಾರ, ಮಧ್ಯಾಹ್ನ 3:35

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ. ಹುಡುಕುತ್ತಾ ಬಂದೆ. ನನ್ನ ಮಗನಿಗೆ ಹದಿನೈದು. ಆರು ತಿಂಗಳಿಂದ ತನಗೆ ಬಾಲ ಇದೆ ಅನ್ನಿಸುತ್ತದೆ, ಕುರ್ಚಿಗೆ ಒರಗಿದರೆ ಒತ್ತುತ್ತದೆ ಅನ್ನುತ್ತಾನೆ. ನಾನು ಮೊದಲು ಬೈದೆ. ಅವನು ಮಾತು ನಿಲ್ಲಿಸಿದ. ನಿಮ್ಮ ಬರಹ ಓದಿ ಅತ್ತುಬಿಟ್ಟೆ. ಅವನನ್ನು ನಿಮ್ಮ ತಾಣಕ್ಕೆ ಸೇರಿಸಬಹುದಾ?

ಮಲೆನಾಡಿನ ರೆಕ್ಕೆ
ಸೋಮವಾರ, ಸಂಜೆ 6:20

ಅಕ್ಕಾ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೊದಲು ಸೇರಿಸುವ ಮಾತು. ಬೇಡ. ಹದಿನೆಂಟರ ಕೆಳಗಿನವರಿಗೆ ನಮ್ಮಲ್ಲಿ ಪುಟ ಇಲ್ಲ, ಚುಕ್ಕೆಯೂ ಇಲ್ಲ. ದೊಡ್ಡವರು ತುಂಬಿರುವ ಜಾಗಕ್ಕೆ ಹದಿನೈದರ ಹುಡುಗ ಬರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ದೇಶದ 2023ರ ಡೇಟಾ ಕಾಯ್ದೆಯಲ್ಲೂ ಹದಿನೆಂಟರವರೆಗೆ ಮಗುವೇ.

ಇನ್ನು ಅವನ ಮಾತು. ನಾನು ಡಾಕ್ಟರ್ ಅಲ್ಲ. ಆದರೆ ಆ ಹುಡುಗ ಆಗಿದ್ದವನು. ಅವನು ನಿಮಗೆ ಹೇಳಿದ್ದಾನೆ, ಅದು ದೊಡ್ಡದು. ನಾನು ಅಮ್ಮನಿಗೆ ಹೇಳಲೇ ಇಲ್ಲ. ಬಾಲ ಇದೆಯೋ ಇಲ್ಲವೋ ಅಂತ ವಾದ ಮಾಡಬೇಡಿ. ‘ಯಾವ ಕುರ್ಚಿಯಲ್ಲಿ ಜಾಸ್ತಿ ಒತ್ತುತ್ತದೆ?’ ಅಂತ ಕೇಳಿ. ಊಟ, ನಿದ್ದೆ, ಓದು, ಗೆಳೆಯರು ಸರಿ ಇದ್ದರೆ ಗಾಬರಿ ಬೇಡ. ನಿದ್ದೆ ಕೆಟ್ಟರೆ, ಒಬ್ಬನೇ ಕೂರುವುದು ಜಾಸ್ತಿ ಆದರೆ, ಮನಸ್ಸಿಗೆ ತುಂಬಾ ಕಷ್ಟ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಎರಡು ಮಕ್ಕಳ ಅಮ್ಮ
ಸೋಮವಾರ, ರಾತ್ರಿ 10:50

ಕೇಳಿದೆ. ಸ್ಕೂಲಿನ ಬೆಂಚಂತೆ. ಅರ್ಧ ಗಂಟೆ ಮಾತಾಡಿದ.

ಅಕ್ಷಾಂಶ ರೇಖಾಂಶ
ಮಂಗಳವಾರ, ರಾತ್ರಿ 9:30

ಸರ್, ಎರಡು ದಿನ ಇದರ ಬಗ್ಗೆಯೇ ಯೋಚನೆ. ಒಂದು ಕಡೆ ನಾನೇ ತಪ್ಪಲಿದ್ದೆ.

ಗುಂಪಿನಲ್ಲಿ ಬಚ್ಚಿಡುವುದಕ್ಕೆ ಒಂದು ಹೆಸರಾದ ವಿಧಾನ ಇದೆ. ಒಂದು ಜಾಗದಲ್ಲಿ ಐದು ಜನಕ್ಕಿಂತ ಕಡಿಮೆ ಇದ್ದರೆ ತೋರಿಸಬೇಡ ಅನ್ನುತ್ತದೆ. ನಿಮಗೂ ಅದನ್ನೇ ಹೇಳೋಣ ಅಂತ ಬರೆಯಲು ಕೂತೆ. ಆಮೇಲೆ ಹೊಳೆಯಿತು. ನಕ್ಷೆಯ ಮೇಲೆ ‘ಈ ಊರಲ್ಲಿ ಐದು ಡ್ರ್ಯಾಗನ್’ ಅಂತ ಬಂದರೆ ಯಾರು ಬಚಾವಾದರು? ಐವರೂ ಡ್ರ್ಯಾಗನ್‌ಗಳೇ ಅಲ್ವಾ! ಗುಟ್ಟು ಇರುವುದೇ ಆ ಪದದಲ್ಲಿ. ಡ್ರ್ಯಾಗನ್ ಆದವರು ಬಚ್ಚಿಟ್ಟುಕೊಳ್ಳಬೇಕಾದ್ದು ಡ್ರ್ಯಾಗನ್ ಅಲ್ಲದ ನೆರೆಹೊರೆಯ ನಡುವೆ. ಹಾಗಾಗಿ ನೋಡಬೇಕಾದ್ದು ಆ ಪ್ರದೇಶದ ಒಟ್ಟು ಜನಸಂಖ್ಯೆ. ಸದಸ್ಯರ ಸಂಖ್ಯೆ ಸಾಲದು.

ನನ್ನ ಯೋಜನೆ ಹೀಗೆ. ಪ್ರಪಂಚವನ್ನು ಜನಸಂಖ್ಯೆ ನೋಡಿ ಪ್ರದೇಶಗಳಾಗಿ ಮಾಡೋಣ. ಒಂದೊಂದರಲ್ಲೂ ಕನಿಷ್ಠ ಐದು ಲಕ್ಷ ಜನ ಇರಲಿ. ಕೊಡಗು ಒಂದೇ ಒಂದು ಪ್ರದೇಶ ಆಗುತ್ತದೆ, 2011ರಲ್ಲೇ ಐದೂವರೆ ಲಕ್ಷ ಇತ್ತು. ಫಿನ್‌ಮಾರ್ಕ್ ತನ್ನ ದಕ್ಷಿಣದ ಜಿಲ್ಲೆಗಳ ಜೊತೆ ಸೇರುತ್ತದೆ. ಚುಕ್ಕೆ ಯಾವಾಗಲೂ ಪ್ರದೇಶದ ನಡುವೆ. ಸರ್ವರ್‌ನಲ್ಲಿ ಪ್ರದೇಶದ ಸಂಖ್ಯೆ ಮಾತ್ರ ಇಡಿ, ಅಕ್ಷಾಂಶ ರೇಖಾಂಶ ಅಳಿಸಿಬಿಡಿ. ನನ್ನ ಹೆಸರನ್ನೇ ಅಳಿಸಿ ಅಂದ ಹಾಗಾಯಿತು, ಪರವಾಗಿಲ್ಲ.

ಮುಖ್ಯವಾದದ್ದು, ಚುಕ್ಕೆ ಒತ್ತಿದರೆ ಪುಟ ತೆರೆಯಬಾರದು. ಆ ಅಕ್ಕನ ವಿಷಯದಲ್ಲಿ ಬರೀ ನಕ್ಷೆಯಿಂದ ಏನೂ ಗೊತ್ತಾಗುತ್ತಿರಲಿಲ್ಲ, ಬರೀ ಪುಟದಿಂದಲೂ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಕಟ್ಟಿದ ದಾರ ಇತ್ತಲ್ಲ, ಅದು ತೋರಿಸಿಕೊಟ್ಟಿತು.

ಮಲೆನಾಡಿನ ರೆಕ್ಕೆ
ಮಂಗಳವಾರ, ರಾತ್ರಿ 11:45

ಮೇಡಂ, ಇದನ್ನು ನಾಲ್ಕು ಸಲ ಓದಿದೆ. ಆ ದಾರ ನಾನೇ ಕಟ್ಟಿದ್ದು, ಆರು ವರ್ಷದ ಹಿಂದೆ. ನನ್ನ ಮೊದಲ ಬದಲಾವಣೆ. ಜನಕ್ಕೆ ಅನುಕೂಲ ಆಗಲಿ ಅಂತ. ನಾಳೆಯೇ ಬಿಚ್ಚುತ್ತೇನೆ.

ಇನ್ನೊಂದು ವಿಷಯ ಮನಸ್ಸಿನಲ್ಲಿದೆ. ಚುಕ್ಕೆ ಎಷ್ಟು ದಿನ ಇರಬೇಕು? ಎಷ್ಟೋ ಚುಕ್ಕೆಗಳು ಹತ್ತು ವರ್ಷ ಹಳೆಯವು. ಅವರು ಊರು ಬದಲಿಸಿರಬಹುದು, ಮನಸ್ಸು ಬದಲಿಸಿರಬಹುದು. ವರ್ಷಕ್ಕೊಮ್ಮೆ ‘ಇನ್ನೂ ಇರಲಾ?’ ಅಂತ ಪತ್ರ ಕಳಿಸಿ, ಉತ್ತರ ಬಾರದಿದ್ದರೆ ತೆಗೆಯುವುದು ಸರಿ ಅನ್ನಿಸುತ್ತದೆ. ಆದರೆ ಒಂದು ಪುಟ ಇದೆ. ಅದರ ಒಡೆಯ 2021ರಲ್ಲಿ ತೀರಿಕೊಂಡರು. ಕೆನಡಾದವರು. ಕಂಚಿನ ಬಣ್ಣ, ಎಡ ರೆಕ್ಕೆಯಲ್ಲಿ ಹಳೇ ಗಾಯ ಅಂತ ಬರೆದುಕೊಂಡಿದ್ದರು. ಹೊಸಬರು ಬಂದಾಗ ಮೊದಲು ಸ್ವಾಗತ ಹೇಳುತ್ತಿದ್ದುದು ಅವರೇ. 2008ರಲ್ಲಿ ನನಗೆ ಆ ಸಾಲು ಬರೆದವರೂ ಅವರೇ. ಅವರ ಚುಕ್ಕೆಗೆ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ತೆಗೆಯುವುದಕ್ಕೆ ಕೈ ಬರುವುದಿಲ್ಲ.

ಡಬ್ಲಿನ್ ಕನ್ನಡತಿ
ಬುಧವಾರ, ಬೆಳಿಗ್ಗೆ 7:05

ಸತ್ತವರ ಮಾಹಿತಿಗೆ ಜಿಡಿಪಿಆರ್ ಅನ್ವಯಿಸುವುದಿಲ್ಲ, ಬೇಕಾದರೆ ಆಯಾ ದೇಶ ನಿಯಮ ಮಾಡಬಹುದು. ಆದರೆ ನಮ್ಮ ಭಾರತದ 2023ರ ಕಾಯ್ದೆಯಲ್ಲಿ ಒಂದು ಒಳ್ಳೆ ಅಂಶ ಇದೆ. ನಾವು ಹೋದ ಮೇಲೆ ನಮ್ಮ ಡೇಟಾ ಹಕ್ಕು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬಹುದು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುತ್ತದಲ್ಲ, ನಾಮಿನಿ. ಅದನ್ನೇ ನಿಮ್ಮ ಪುಟಕ್ಕೂ ತನ್ನಿ. ‘ನಾನು ಇಲ್ಲವಾದರೆ ನನ್ನ ಪುಟ ಏನಾಗಬೇಕು, ಯಾರು ಹೇಳಬೇಕು’ ಅಂತ ಎರಡು ಸಾಲು.

ಕೆನಡಾದವರ ಪುಟ ಇರಲಿ ಬಿಡಿ. ಚುಕ್ಕೆ ಮಾತ್ರ ತೆಗೆಯಿರಿ, ನಕ್ಷೆ ಅನ್ನುವುದು ಬದುಕಿರುವವರಿಗೆ.

ಗೂಬೆ ಗೂಡು
ಬುಧವಾರ, ಬೆಳಿಗ್ಗೆ 9:30

ಫೋಟೋಗಳ ಬಗ್ಗೆ ಯಾರೂ ಹೇಳಲಿಲ್ಲ. ಮೊಬೈಲ್ ಫೋಟೋದ ಒಳಗೆ ಅದನ್ನು ತೆಗೆದ ಜಾಗದ ಜಿಪಿಎಸ್ ಗುರುತು ಕೂತಿರುತ್ತದೆ. ನಮ್ಮವರು ಅದರಿಂದಲೇ ಎಷ್ಟೋ ಗೂಡು ಬಿಟ್ಟುಕೊಟ್ಟಿದ್ದಾರೆ. ಸದಸ್ಯರು ಚಿತ್ರ ಹಾಕಿದರೆ ಮೊದಲು ಆ ಗುರುತನ್ನು ತೊಳೆದು ಬಿಡಿ.

ಮಲೆನಾಡಿನ ರೆಕ್ಕೆ
ಬುಧವಾರ, ಬೆಳಿಗ್ಗೆ 10:00

ಈಗಷ್ಟೇ ನೋಡಿದೆ ಸರ್. ತೊಳೆದಿಲ್ಲ. ಹಳೇ ಚಿತ್ರಗಳನ್ನೆಲ್ಲ ಇವತ್ತೇ ತೊಳೆಯುತ್ತೇನೆ.

ಮಲೆನಾಡಿನ ರೆಕ್ಕೆ
ಮೂರು ವಾರದ ನಂತರ, ಭಾನುವಾರ, ಸಂಜೆ 4:40

ಎಲ್ಲರಿಗೂ ವರದಿ ಒಪ್ಪಿಸಬೇಕು.

ಅಳಿಸುವ ಗುಂಡಿ ಬಂದಿದೆ, ಎಲ್ಲ ಪುಟದ ಮೇಲ್ಗಡೆ. ಬ್ಯಾಕಪ್ ಮೂವತ್ತು ದಿನಕ್ಕೆ ಹೋಗುತ್ತದೆ. ಚಿತ್ರಗಳೆಲ್ಲ ತೊಳೆದಾಯಿತು. ಅಕ್ಷಾಂಶ ಮೇಡಂ ಎರಡು ಭಾನುವಾರ ಕೂತು ಪ್ರದೇಶಗಳ ಕಡತ ಮಾಡಿಕೊಟ್ಟರು. ದುಡ್ಡು ಕೊಡುತ್ತೇನೆ ಅಂದರೆ ಬೇಡ ಅಂದರು. ಹಳೇ ಜಾಗಗಳ ಕಾಲಂ ಅಳಿಸುವ ಮೊದಲು ಒಂದು ಸಲ ತೆರೆದು ನೋಡಿದೆ. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದಲ್ಲಿ, ಆಫ್ರಿಕಾ ಪಕ್ಕದ ಸಮುದ್ರದಲ್ಲಿ, ಒಂದಷ್ಟು ಚುಕ್ಕೆ ಗುಂಪಾಗಿದ್ದವು. ಜಾಗ ಬರೆಯಲು ಹೆದರಿ ಖಾಲಿ ಬಿಟ್ಟವರು. ಹಳೇ ಸಾಫ್ಟ್‌ವೇರ್ ಖಾಲಿಯನ್ನು ಸೊನ್ನೆ ಅಂತ ಓದಿ ಅವರನ್ನೆಲ್ಲ ನೀರಿಗೆ ಹಾಕಿತ್ತು. ಅವರಿಗೆ ಒಬ್ಬೊಬ್ಬರಿಗೂ ಬರೆದು ಹೊಸ ನಕ್ಷೆ ಹೇಗಿದೆ ಅಂತ ತಿಳಿಸಿದೆ. ಏಳು ಜನ ದಡಕ್ಕೆ ಬಂದಿದ್ದಾರೆ.

ಉತ್ತರದ ಸದಸ್ಯೆಗೂ ಹೊಸ ನಕ್ಷೆ ತೋರಿಸಿದೆ. ಇನ್ನೂ ಚುಕ್ಕೆ ಇಟ್ಟಿಲ್ಲ. ಪುಟದಿಂದ ಬೆಕ್ಕು, ಪಾಳಿ ಎಲ್ಲ ತೆಗೆದರು. ಹೆಣಿಗೆ ಮಾತ್ರ ಉಳಿಸಿಕೊಂಡಿದ್ದಾರೆ. ನಾನು ಒತ್ತಾಯ ಮಾಡುವುದಿಲ್ಲ.

ನಾಮಿನಿ ಜಾಗವೂ ಬಂದಿದೆ. ಮೊದಲು ನಾನೇ ತುಂಬಿ ನೋಡಬೇಕು ಅಂತ ಕೂತೆ. ಯಾರ ಹೆಸರು ಬರೆಯಲಿ? ಬರೆಯಬೇಕಾದರೆ ಅವರಿಗೆ ಗೊತ್ತಿರಬೇಕು. ಗೊತ್ತಿರುವವರು ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ವಾರ ಖಾಲಿ ಬಿಟ್ಟೆ. ನಿನ್ನೆ ಊರಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅಡಿಕೆ ಸುಲಿಯುತ್ತಾ ಕೂತಿದ್ದಳು, ಮೆಟ್ಟುಗತ್ತಿಯ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ರೆಕ್ಕೆಯದ್ದೂ ಹೇಳಿದೆ. ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ಅದಕ್ಕೇ ಅಮ್ಮ ಅಷ್ಟು ಎಣ್ಣೆ ಹಾಕಿದರೂ ನೋವು ಹೋಗಲಿಲ್ಲ ಅಲ್ವೇನೋ?’

ಹೌದು ಅಂದೆ. ಆಮೇಲೆ ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀಯ ಅಂತ ಕೇಳಿದಳು. ಚೀಟಿ ಬರೆದು ಪೋಸ್ಟ್ ಮಾಡುತ್ತೇನೆ ಅಂದಿದ್ದೇನೆ.